ಒಂದು ಕಾಲಮ್‌ನಲ್ಲಿರುವ ಹೆಸರುಗಳನ್ನು ಮ್ಯಾಕ್ರೋ ಬರೆದು ಒಂದೊಂದೇ ಸಲ ಬರುವಂತೆ ತೆಗೆಯುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಎ ಕಾಲಮ್‌ನಲ್ಲಿ ಸುಮಾರು 40,000 ಸಾಲು ಗ್ರಾಹಕರ ಹೆಸರುಗಳಿವೆ, ಒಂದೇ ಹೆಸರು ಹತ್ತಾರು ಸಲ ಬಂದಿದೆ. ಪ್ರತಿ ಹೆಸರೂ ಒಂದೇ ಸಲ ಸಿ ಕಾಲಮ್‌ಗೆ ಬರಬೇಕು. ಲೂಪ್‌ನೊಳಗೆ ಲೂಪ್ ಹಾಕಿ ಬರೆದ ಮ್ಯಾಕ್ರೋ ಓಡಿಸಿದರೆ ಎಕ್ಸೆಲ್ ‘ನಾಟ್ ರೆಸ್ಪಾಂಡಿಂಗ್’ ಅಂತ ನಿಂತುಬಿಡುತ್ತದೆ. ಕಾದು ಕೂತರೆ ಪಟ್ಟಿಯೇನೋ ಬರುತ್ತದೆ, ಅದರಲ್ಲೂ ಕೆಲವು ಹೆಸರು ಎರಡೆರಡು ಸಲ ಇವೆ.

ಇವು ಎರಡು ಬೇರೆ ಬೇರೆ ತೊಂದರೆಗಳು. ನಿಧಾನಕ್ಕೆ ಪರಿಹಾರ ಸುಲಭ. ಎರಡೆರಡು ಸಲ ಬರುತ್ತಿರುವುದಕ್ಕೆ ನಿಮ್ಮ ಲೂಪ್ ಕಾರಣವಲ್ಲ, ಡೇಟಾ ಕಾರಣ. ಯಾವ ಕೋಡ್ ಬರೆದರೂ ಅದು ಹಾಗೇ ಉಳಿಯುತ್ತದೆ, ‘ಒಂದೇ ಹೆಸರು’ ಅಂದರೆ ಏನು ಅಂತ ನೀವು ಮ್ಯಾಕ್ರೋಗೆ ಹೇಳಿಕೊಡುವ ತನಕ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದ.

ಮ್ಯಾಕ್ರೋ ಬೇಕೇ ಬೇಕಾ ಅಂತ ಮೊದಲು ನೋಡಿಕೊಳ್ಳಿ. ನಿಮ್ಮಲ್ಲಿ ಎಕ್ಸೆಲ್ 2021 ಅಥವಾ 365 ಇದ್ದರೆ ‘ಯೂನಿಕ್’ ಅನ್ನುವ ಫಂಕ್ಷನ್ ಇದೆ, ಒಂದು ಸೆಲ್‌ನಲ್ಲಿ ಬರೆದರೆ ಪಟ್ಟಿ ತಾನಾಗಿ ಕೆಳಕ್ಕೆ ಹರಡಿಕೊಳ್ಳುತ್ತದೆ. ಹಳೆಯ ಆವೃತ್ತಿಗಳಲ್ಲಿ ಡೇಟಾ ಟ್ಯಾಬ್‌ನ ‘ಅಡ್ವಾನ್ಸ್‌ಡ್ ಫಿಲ್ಟರ್’ ಇದೆ, ಅದರಲ್ಲಿ ‘ಯೂನಿಕ್ ರೆಕಾರ್ಡ್ಸ್ ಓನ್ಲಿ’ ಟಿಕ್ ಮಾಡಿ ಬೇರೆ ಜಾಗಕ್ಕೆ ಕಾಪಿ ಮಾಡಿಸಬಹುದು. ಒಂದು ಎಚ್ಚರಿಕೆ: ಅದು ಮೊದಲ ಸಾಲನ್ನು ಶೀರ್ಷಿಕೆ ಅಂತಲೇ ತಿಳಿಯುತ್ತದೆ. ಶೀರ್ಷಿಕೆ ಇಲ್ಲದ ಕಾಲಮ್ ಕೊಟ್ಟರೆ ಮೊದಲ ಹೆಸರು ಎರಡು ಸಲ ಬರುವ ಸಾಧ್ಯತೆ ಇದೆ. ‘ರಿಮೂವ್ ಡೂಪ್ಲಿಕೇಟ್ಸ್’ ಮಾತ್ರ ಮೂಲ ಕಾಲಮ್ ಮೇಲೆ ಓಡಿಸಬೇಡಿ. ಅದು ಇದ್ದಲ್ಲೇ ಅಳಿಸುತ್ತದೆ, ಮ್ಯಾಕ್ರೋದಿಂದ ಓಡಿಸಿದರೆ ಕಂಟ್ರೋಲ್ ಝಡ್ ಕೂಡ ಕೈಗೆ ಬರುವುದಿಲ್ಲ. ಪ್ರತಿ ವಾರ ಹೊಸ ಫೈಲ್ ಬರುತ್ತದೆ, ಹೆಸರುಗಳನ್ನು ಶುಚಿ ಮಾಡಿಯೇ ತೆಗೆಯಬೇಕು ಅನ್ನುವುದಾದರೆ ಮ್ಯಾಕ್ರೋನೇ ಸರಿ. ನಿಮ್ಮದು ಅಂಥದ್ದೇ ಅನಿಸುತ್ತದೆ.

ನಿಮ್ಮ ಕೋಡ್ ಯಾಕೆ ನಿಧಾನ? ಪ್ರತಿ ಹೆಸರನ್ನೂ ಅದಕ್ಕಿಂತ ಮೇಲಿರುವ ಎಲ್ಲ ಹೆಸರುಗಳ ಜೊತೆ ಹೋಲಿಸಿದರೆ 40,000 ಸಾಲಿಗೆ ಹತ್ತಿರ ಹತ್ತಿರ 80 ಕೋಟಿ ಹೋಲಿಕೆ. ಅದರ ಮೇಲೆ ಪ್ರತಿ ಸಲವೂ ಸೆಲ್‌ನಿಂದಲೇ ಓದುತ್ತಿದ್ದೀರಿ. ಮ್ಯಾಕ್ರೋ ಬರೆಯುವ ಭಾಷೆಯಾದ ವಿಬಿಎ ಶೀಟ್‌ಗೆ ಹೋಗಿ ಒಂದು ಸೆಲ್ ಓದಿ ಬರುವುದಕ್ಕೂ ಮೆಮೊರಿಯಲ್ಲಿರುವ ಅರೇಯಿಂದ, ಅಂದರೆ ಸಾಲಾಗಿ ಜೋಡಿಸಿಟ್ಟ ಮೌಲ್ಯಗಳಿಂದ, ಓದುವುದಕ್ಕೂ ಅಜಗಜಾಂತರ. ಸ್ಕ್ರೀನ್ ಅಪ್‌ಡೇಟಿಂಗ್ ಆಫ್ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಇಲ್ಲಿ ಅದರಿಂದ ಹೆಚ್ಚೇನೂ ಆಗದು, 80 ಕೋಟಿ 80 ಕೋಟಿಯೇ.

ಬೇಕಾದದ್ದು ಡಿಕ್ಷನರಿ. ಅದರಲ್ಲಿ ಪ್ರತಿ ಮೌಲ್ಯವೂ (ಐಟಂ) ಒಂದು ಗುರುತಿನ (ಕೀ) ಜೊತೆ ಕೂರುತ್ತದೆ. ಒಂದು ಕೀ ಕೊಟ್ಟರೆ ಅದು ತನ್ನಲ್ಲಿ ಇದೆಯೋ ಇಲ್ಲವೋ ಅಂತ ಇಡೀ ಪಟ್ಟಿ ಹುಡುಕದೆ ಹೇಳುತ್ತದೆ. ಆಗ 40,000 ಸಾಲಿಗೆ 40,000 ಸಲ ಕೇಳಿದರೆ ಮುಗಿಯಿತು. ವಿಬಿಎಯಲ್ಲಿ ಇದು ಹುಟ್ಟಾ ಇಲ್ಲ, ವಿಂಡೋಸ್ ಜೊತೆ ಬರುವ ಸ್ಕ್ರಿಪ್ಟಿಂಗ್ ರನ್‌ಟೈಮ್ ಲೈಬ್ರರಿಯಿಂದ ತರಬೇಕು. ಹಾಗಾಗಿ ಮ್ಯಾಕ್‌ನ ಎಕ್ಸೆಲ್‌ನಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ವಿಬಿಎಯ ಸ್ವಂತ ‘ಕಲೆಕ್ಷನ್’ ಬಳಸಬೇಕು. ಇದ್ದ ಕೀಯನ್ನೇ ಮತ್ತೆ ಸೇರಿಸಿದರೆ ಕಲೆಕ್ಷನ್ 457ನೇ ಎರರ್ ಎಸೆಯುತ್ತದೆ, ‘ಆನ್ ಎರರ್ ರೆಸ್ಯೂಮ್ ನೆಕ್ಸ್ಟ್’ ಹಾಕಿ ಅದನ್ನು ದಾಟಿಸುವುದು ರೂಢಿ. ಕೆಲಸ ಆಗುತ್ತದೆ, ಆದರೆ ಆ ಸಾಲು ಬೇರೆ ನಿಜವಾದ ಎರರ್‌ಗಳನ್ನೂ ನುಂಗಿಬಿಡುತ್ತದೆ. ವಿಂಡೋಸ್ ಇದ್ದರೆ ಡಿಕ್ಷನರಿಯನ್ನೇ ಹಿಡಿಯಿರಿ.

ಈಗ ಕೋಡ್. ಆಲ್ಟ್ ಎಫ್11 ಒತ್ತಿ, ಇನ್ಸರ್ಟ್ ಮೆನುವಿನಿಂದ ಹೊಸ ಮಾಡ್ಯೂಲ್ ಹಾಕಿ, ನಾನು ಹೇಳುವ ಕ್ರಮದಲ್ಲೇ ಬರೆಯುತ್ತಾ ಹೋಗಿ. ಎಲ್ಲಕ್ಕಿಂತ ಮೇಲೆ ‘ಆಪ್ಷನ್ ಎಕ್ಸ್‌ಪ್ಲಿಸಿಟ್’ ಇರಲಿ, ಘೋಷಿಸದ ವೇರಿಯಬಲ್ ಬಳಸಿದರೆ ಅದು ತಡೆಯುತ್ತದೆ. ಸಾಲಿನ ಸಂಖ್ಯೆ ಇಡುವ ವೇರಿಯಬಲ್‌ಗಳನ್ನೆಲ್ಲ ‘ಲಾಂಗ್’ ಅಂತ ಘೋಷಿಸಿ. ‘ಇಂಟಿಜರ್’ ಮಾಡಿದರೆ 32,767 ದಾಟಿದ ಕೂಡಲೇ ಓವರ್‌ಫ್ಲೋ ಬರುತ್ತದೆ, ನಿಮ್ಮ ಫೈಲ್‌ನಲ್ಲಿ ಅದು ಬಂದೇ ಬರುತ್ತದೆ.

ಕೊನೆಯ ಸಾಲು ಹುಡುಕಲು ಶೀಟ್‌ನ ತಳದ ಸೆಲ್‌ನಿಂದ ‘ಎಂಡ್’ಗೆ ‘ಎಕ್ಸ್‌ಎಲ್‌ಅಪ್’ ಕೊಟ್ಟು ಮೇಲಕ್ಕೆ ಬನ್ನಿ. ತಳದ ಸಾಲಿಗೆ ‘ರೋಸ್ ಡಾಟ್ ಕೌಂಟ್’ ಬಳಸಿ, 65,536 ಅಂತ ಬರೆಯಬೇಡಿ. ಆ ಮಿತಿ ಎಕ್ಸೆಲ್ 2003ರ ಕಾಲದ್ದು, 2007ರಿಂದ 10,48,576 ಸಾಲು ಇವೆ. ಮೇಲಿನಿಂದ ‘ಎಕ್ಸ್‌ಎಲ್‌ಡೌನ್’ ಕೊಟ್ಟರೆ ನಡುವೆ ಖಾಲಿ ಸೆಲ್ ಸಿಕ್ಕಲ್ಲೇ ನಿಂತುಬಿಡುತ್ತದೆ.

ಕೊನೆಯ ಸಾಲು 2ಕ್ಕಿಂತ ಕಡಿಮೆ ಇದ್ದರೆ ಅಲ್ಲೇ ‘ಎಕ್ಸಿಟ್ ಸಬ್’. ಇಲ್ಲದಿದ್ದರೆ ಎ1ರಿಂದ ಕೊನೆಯ ಸಾಲಿನವರೆಗಿನ ರೇಂಜ್‌ನ ‘ವ್ಯಾಲ್ಯೂ2’ವನ್ನು ಒಂದೇ ಏಟಿಗೆ ಒಂದು ವೇರಿಯಂಟ್‌ಗೆ (ಯಾವ ಬಗೆಯ ಮೌಲ್ಯವನ್ನಾದರೂ ಹಿಡಿಯುವ ವೇರಿಯಬಲ್) ತುಂಬಿ. ಅದು ಎರಡು ಆಯಾಮದ ಅರೇ ಆಗುತ್ತದೆ, ಎಣಿಕೆ 1ರಿಂದ ಶುರು. ಡೇಟಾ ಎ2ರಿಂದ ಇದ್ದರೂ ಎ1ರಿಂದ ಓದಿಸುವುದಕ್ಕೆ ಕಾರಣ ಇದೆ: ರೇಂಜ್‌ನಲ್ಲಿ ಒಂದೇ ಸೆಲ್ ಇದ್ದರೆ ಅರೇ ಬರುವುದಿಲ್ಲ, ಬರೀ ಮೌಲ್ಯ ಬರುತ್ತದೆ, ಅರೇಯ ಕೊನೆಯ ಎಣಿಕೆ ತಿಳಿಯಲು ‘ಯುಬೌಂಡ್’ ಕೇಳಿದ ತಕ್ಷಣ ಟೈಪ್ ಮಿಸ್‌ಮ್ಯಾಚ್ ಎರರ್. ಶೀರ್ಷಿಕೆಯನ್ನೂ ಸೇರಿಸಿ ಓದಿ, ಲೂಪ್ ಮಾತ್ರ 2ರಿಂದ ಶುರು ಮಾಡಿದರೆ ಆ ಕಾಟವೇ ಇಲ್ಲ.

ಆಮೇಲೆ ‘ಕ್ರಿಯೇಟ್‌ಆಬ್ಜೆಕ್ಟ್’ಗೆ ‘ಸ್ಕ್ರಿಪ್ಟಿಂಗ್ ಡಾಟ್ ಡಿಕ್ಷನರಿ’ ಕೊಟ್ಟು ಡಿಕ್ಷನರಿ ಹುಟ್ಟಿಸಿ. ಮುಂದಿನ ಸಾಲಿನಲ್ಲೇ ಅದರ ‘ಕಂಪೇರ್‌ಮೋಡ್’ಗೆ ‘ವಿಬಿ ಟೆಕ್ಸ್ಟ್ ಕಂಪೇರ್’ ಕೊಡಿ. ಕೊಡದಿದ್ದರೆ ಇಂಗ್ಲಿಷ್ ಹೆಸರಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆ ಬೇರೆ ಅಂತಲೇ ಎಣಿಸುತ್ತದೆ. ಡಿಕ್ಷನರಿ ಖಾಲಿ ಇರುವಾಗಲೇ ಇದನ್ನು ಹೇಳಬೇಕು, ಒಂದು ಕೀ ಸೇರಿದ ಮೇಲೆ ಹೇಳಿದರೆ ಎರರ್.

ಲೂಪ್‌ನೊಳಗೆ ಮೊದಲು ‘ಈಸ್‌ಎರರ್’ ಪರೀಕ್ಷೆ. ಬೇರೆ ಪಟ್ಟಿಯಲ್ಲಿ ಮೌಲ್ಯ ಹುಡುಕುವ ವಿಲುಕಪ್ ಸೋತು ‘ಎನ್‌ಎ’ ಅಂತ ನಿಂತ ಒಂದೇ ಒಂದು ಸೆಲ್ ಸಾಕು, ತುದಿಯ ಸ್ಪೇಸ್ ಕತ್ತರಿಸುವ ‘ಟ್ರಿಮ್’ ಅದರ ಮೇಲೆ ಬಿದ್ದಾಗ ಇಡೀ ಮ್ಯಾಕ್ರೋ ನಿಂತುಹೋಗುತ್ತದೆ. ಎರರ್ ಅಲ್ಲದಿದ್ದರೆ ಸೆಲ್‌ನ ಮೌಲ್ಯವನ್ನು ‘ಸಿಸ್ಟ್ರಿಂಗ್’ನಿಂದ, ಅಂದರೆ ಸಿ ಎಸ್ ಟಿ ಆರ್ ಫಂಕ್ಷನ್‌ನಿಂದ, ಪಠ್ಯ ಮಾಡಿಕೊಳ್ಳಿ. ಇದು ಮುಖ್ಯ. ಡಿಕ್ಷನರಿಗೆ 101 ಅನ್ನುವ ಸಂಖ್ಯೆಯೂ 101 ಅನ್ನುವ ಪಠ್ಯವೂ ಎರಡು ಬೇರೆ ಕೀಗಳು, ಕಣ್ಣಿಗೆ ಒಂದೇ ಥರ ಕಾಣುತ್ತವೆ. ಆ ಪಠ್ಯವನ್ನು ಶುಚಿ ಮಾಡುವ ಒಂದು ಪ್ರತ್ಯೇಕ ಫಂಕ್ಷನ್‌ಗೆ ಕಳಿಸಿ ಕೀ ಪಡೆಯಿರಿ. ಕೀ ಖಾಲಿಯಾಗಿರದೆ, ‘ಎಕ್ಸಿಸ್ಟ್ಸ್’ ಕೇಳಿದಾಗ ಇಲ್ಲ ಅಂತ ಬಂದರೆ, ಶುಚಿಯಾದ ರೂಪವನ್ನು ಕೀ ಆಗಿಯೂ ಸೆಲ್‌ನಲ್ಲಿದ್ದ ಮೂಲ ಹೆಸರನ್ನು ಐಟಂ ಆಗಿಯೂ ‘ಆಡ್’ ಮಾಡಿ. ಹೋಲಿಕೆ ನಡೆಯುವುದು ಕೀಯಲ್ಲಿ, ಹೊರಗೆ ಬರೆಯುವುದು ಐಟಂ. ಹೀಗೆ ಬೇರೆ ಮಾಡಿದರೆ ಹೋಲಿಕೆಗಾಗಿ ಎಷ್ಟು ಬೇಕಾದರೂ ಉಜ್ಜಬಹುದು, ಗ್ರಾಹಕರ ಹೆಸರು ಅವರು ಬರೆಸಿದಂತೆಯೇ ಉಳಿಯುತ್ತದೆ. ‘ಎಕ್ಸಿಸ್ಟ್ಸ್’ ಕೇಳದೆ ನೇರವಾಗಿ ಕೀ ಕೊಟ್ಟು ಐಟಂ ಓದಬೇಡಿ. ಇಲ್ಲದ ಕೀಯನ್ನು ಓದಿದರೂ ಡಿಕ್ಷನರಿ ಅದನ್ನು ಸದ್ದಿಲ್ಲದೆ ಸೇರಿಸಿಬಿಡುತ್ತದೆ.

ಇನ್ನು ಆ ಶುಚಿ ಮಾಡುವ ಫಂಕ್ಷನ್. ನಿಮ್ಮ ಎರಡನೆಯ ತೊಂದರೆ ಬಗೆಹರಿಯುವುದು ಇಲ್ಲೇ. ಕೊನೆಯಲ್ಲೊಂದು ಸ್ಪೇಸ್ ಉಳಿದುಕೊಂಡಿರುವುದು ಎಲ್ಲರಿಗೂ ಗೊತ್ತಿರುವ ಕಾರಣ, ಅದಕ್ಕೆ ‘ಟ್ರಿಮ್’ ಇದೆ. ಆದರೆ ವಿಬಿಎಯ ಟ್ರಿಮ್ ಎರಡು ತುದಿಗಳನ್ನು ಮಾತ್ರ ಕತ್ತರಿಸುತ್ತದೆ. ಹೆಸರಿಗೂ ಇನಿಷಿಯಲ್‌ಗೂ ನಡುವೆ ಎರಡು ಸ್ಪೇಸ್ ಇದ್ದರೆ ಅದನ್ನು ಒಂದು ಮಾಡುವುದು ವರ್ಕ್‌ಶೀಟ್‌ನ ಟ್ರಿಮ್, ಅದನ್ನು ‘ವರ್ಕ್‌ಶೀಟ್ ಫಂಕ್ಷನ್’ ಮೂಲಕ ಕರೆಯಬೇಕು. ವೆಬ್ ಪುಟದಿಂದ ಕಾಪಿ ಮಾಡಿದ ಡೇಟಾದಲ್ಲಿ 160ನೇ ಸಂಕೇತದ ಸ್ಪೇಸ್ ಬರುತ್ತದೆ, ಅದನ್ನು ಎರಡು ಟ್ರಿಮ್‌ಗಳೂ ಮುಟ್ಟುವುದಿಲ್ಲ. ‘ಕ್ಲೀನ್’ ಕೂಡ 0ರಿಂದ 31ರವರೆಗಿನ ಸಂಕೇತಗಳನ್ನಷ್ಟೇ ತೆಗೆಯುತ್ತದೆ. ಹಾಗಾಗಿ ಟ್ರಿಮ್ ಮಾಡುವ ಮೊದಲೇ ‘ರಿಪ್ಲೇಸ್’ನಿಂದ 160ನ್ನು ಮಾಮೂಲಿ ಸ್ಪೇಸ್ ಮಾಡಿಕೊಳ್ಳಿ.

ಹೆಸರುಗಳು ಕನ್ನಡದಲ್ಲಿದ್ದರೆ ಇನ್ನೊಂದು ಹೆಜ್ಜೆ ಬೇಕು. ಇಂಗ್ಲಿಷ್ ಡೇಟಾಗೆ ಬರೆದ ಮಾದರಿ ಕೋಡ್‌ಗಳಲ್ಲಿ ಇದು ಸಿಗುವುದಿಲ್ಲ, ಅದಕ್ಕೆ ಬಿಡಿಸಿ ಹೇಳುತ್ತೇನೆ. ‘ಕೊಟ್ರೇಶ್’ ಅನ್ನುವ ಹೆಸರು ತೆಗೆದುಕೊಳ್ಳಿ. ಮೊದಲ ಅಕ್ಷರ ‘ಕೊ’ದಲ್ಲಿರುವ ಸ್ವರಚಿಹ್ನೆ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಇರಬಹುದು, ಅದು 3274. ಅಥವಾ ಎತ್ವದ 3270, ಊತ್ವದ 3266 ಎರಡೂ ಒಂದರ ಹಿಂದೆ ಒಂದು ಕೂತಿರಬಹುದು. ಪರದೆಯ ಮೇಲೆ ಎರಡೂ ‘ಕೊ’ ಎಂದೇ ಕಾಣುತ್ತವೆ. ‘ಲೆನ್’ ಕೇಳಿ ನೋಡಿ, ಒಂದಕ್ಕೆ 8 ಅನ್ನುತ್ತದೆ, ಇನ್ನೊಂದಕ್ಕೆ 9. ಬೇರೆ ಬೇರೆ ಸಾಧನಗಳಲ್ಲಿ ಟೈಪ್ ಮಾಡಿದ, ಹಳೆಯ ಫಾಂಟ್‌ಗಳಿಂದ ಪರಿವರ್ತಿಸಿದ ಪಟ್ಟಿಗಳನ್ನು ಒಟ್ಟು ಮಾಡಿದಾಗ ಎರಡೂ ರೂಪ ಒಂದೇ ಕಾಲಮ್‌ನಲ್ಲಿ ಸೇರಿಕೊಳ್ಳಬಹುದು.

ಇದಕ್ಕೆ ರಿಪ್ಲೇಸ್ ಸಾಲುಗಳು ಈ ಕ್ರಮದಲ್ಲಿರಲಿ: 3270, 3266 ಜೋಡಿ 3274 ಆಗಲಿ. ಅದಾದ ಮೇಲೆ 3274, 3285 ಜೋಡಿ 3275 ಆಗಲಿ, ಇದು ‘ಕೋ’ದ ಓತ್ವ. 3270, 3285 ಜೋಡಿ 3271, ಇದು ಏತ್ವ. 3263, 3285 ಜೋಡಿ 3264, ಇದು ದೀರ್ಘ ಈತ್ವ. 3270, 3286 ಜೋಡಿ 3272, ಇದು ಐತ್ವ. ಮೊದಲ ಎರಡರ ಕ್ರಮ ತಪ್ಪಿದರೆ ಮೂರು ತುಂಡಾಗಿ ಕೂತ ಓತ್ವ ಪೂರ್ತಿ ಕೂಡಿಕೊಳ್ಳುವುದಿಲ್ಲ. ಇವನ್ನೆಲ್ಲ ‘ಸಿಎಚ್‌ಆರ್‌ಡಬ್ಲ್ಯು’ ಫಂಕ್ಷನ್‌ಗೆ ಸಂಖ್ಯೆ ಕೊಟ್ಟೇ ಬರೆಯಿರಿ. ವಿಬಿಎ ಎಡಿಟರ್ ಯೂನಿಕೋಡ್ ಅರಿಯದು, ಉದ್ಧರಣ ಚಿಹ್ನೆಯೊಳಗೆ ಕನ್ನಡ ಅಕ್ಷರ ಅಂಟಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತವೆ.

ಕಣ್ಣಿಗೆ ಕಾಣದ ಇನ್ನೆರಡು ಸಂಕೇತಗಳಿವೆ, 8204 ಮತ್ತು 8205. ಅರ್ಧಾಕ್ಷರದ ಮುಂದಿನ ವ್ಯಂಜನ ಒತ್ತಕ್ಷರವಾಗದಂತೆ ತಡೆಯಲು ಮೊದಲನೆಯದನ್ನು ಹಾಕುತ್ತೇವೆ, ‘ರಾಜ್‌ಕುಮಾರ್’ ಥರದ ಹೆಸರಿನಲ್ಲಿ. ಅಕ್ಷರಗಳು ಕೂಡುವ ರೂಪ ಬದಲಿಸಲು ಎರಡನೆಯದು. ಒಬ್ಬರು ಹಾಕಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ. ಕೀಯಿಂದ ಎರಡನ್ನೂ ತೆಗೆದುಬಿಡಿ. ಐಟಂನಲ್ಲಿ ಮೂಲ ಹಾಗೇ ಇರುವುದರಿಂದ ಬರೆಯುವ ಹೆಸರು ಕೆಡುವುದಿಲ್ಲ.

ಎಲ್ಲಿ ನಿಲ್ಲಿಸಬೇಕು ಅನ್ನುವುದು ನಿಮ್ಮ ತೀರ್ಮಾನ. ಇನಿಷಿಯಲ್ ನಂತರದ ಚುಕ್ಕೆಯನ್ನೂ ಕಿತ್ತುಹಾಕಬೇಕಾ? ನಾನಾದರೆ ಕೀಯಿಂದ ತೆಗೆಯುತ್ತೇನೆ. ‘ರಮೇಶ’, ‘ರಮೇಶ್’ ಎರಡನ್ನೂ ಒಂದು ಮಾಡಬೇಕಾ? ಅದನ್ನು ಖಂಡಿತ ಮಾಡುವುದಿಲ್ಲ, ಅವರಿಬ್ಬರು ಬೇರೆ ಬೇರೆ ಜನ ಇರಬಹುದು. ಅದಕ್ಕಿಂತ ದೊಡ್ಡ ಸಂಗತಿ, ಒಂದೇ ಹೆಸರಿನ ಇಬ್ಬರು ಗ್ರಾಹಕರು ಇದ್ದೇ ಇರುತ್ತಾರೆ. ಪಕ್ಕದ ಕಾಲಮ್‌ನಲ್ಲಿ ಗ್ರಾಹಕ ಸಂಖ್ಯೆ ಇದ್ದರೆ ದಯವಿಟ್ಟು ಅದನ್ನೇ ಕೀ ಮಾಡಿ, ಹೆಸರು ಐಟಂ ಆಗಿರಲಿ. ಎರಡು ಕಾಲಮ್ ಕೂಡಿಸಿ ಕೀ ಮಾಡುವುದಾದರೆ ನಡುವೆ ಡೇಟಾದಲ್ಲಿ ಬಾರದ ಒಂದು ಗೆರೆ ಚಿಹ್ನೆ ಹಾಕಿ. ಇಲ್ಲದಿದ್ದರೆ 12ರ ಪಕ್ಕದ 3, 1ರ ಪಕ್ಕದ 23 ಎರಡೂ 123 ಆಗಿಬಿಡುತ್ತವೆ. 16 ಅಂಕಿಯ ಖಾತೆ ಸಂಖ್ಯೆಗಳು ಶೀಟ್‌ನಲ್ಲಿ ಪಠ್ಯವಾಗಿ ಇರದೆ ಸಂಖ್ಯೆಯಾಗಿ ಇದ್ದರೆ ಮ್ಯಾಕ್ರೋ ಏನೂ ಮಾಡಲಾರದು. ಎಕ್ಸೆಲ್ 15 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ, ಕೊನೆಯದು ಆಗಲೇ ಸೊನ್ನೆಯಾಗಿ ಹೋಗಿರುತ್ತದೆ. ಮೂಲ ಫೈಲ್‌ನಿಂದ ಆ ಕಾಲಮ್ ಅನ್ನು ಪಠ್ಯವಾಗಿ ಮತ್ತೆ ಇಂಪೋರ್ಟ್ ಮಾಡಬೇಕು.

ಇನ್ನು ಬರೆಯುವುದು. ಡಿಕ್ಷನರಿಯ ‘ಕೌಂಟ್’ ಸೊನ್ನೆ ಅಲ್ಲ ಅಂತ ನೋಡಿಕೊಂಡು, ಅಷ್ಟೇ ಸಾಲು, ಒಂದು ಕಾಲಮ್‌ನ ಹೊಸ ಅರೇ ಮಾಡಿ, ‘ಫಾರ್ ಈಚ್’ನಿಂದ ಐಟಂಗಳನ್ನು ಅದಕ್ಕೆ ತುಂಬಿ. ‘ಟ್ರಾನ್ಸ್‌ಪೋಸ್’ ಬಳಸಿ ಒಂದೇ ಸಾಲಿನಲ್ಲಿ ಮುಗಿಸುವ ಕೋಡ್ ಎಲ್ಲೆಡೆ ಸಿಗುತ್ತದೆ. 65,536 ದಾಟಿದ ಪಟ್ಟಿಗಳಲ್ಲಿ ಅದು ಕೈಕೊಟ್ಟಿರುವುದುಂಟು, ಅದನ್ನು ನಂಬದಿರುವುದು ಒಳ್ಳೆಯದು. ಬರೆಯುವ ಮೊದಲು ಸಿ ಕಾಲಮ್‌ನಲ್ಲಿ ‘ಕ್ಲಿಯರ್ ಕಂಟೆಂಟ್ಸ್’ ಓಡಿಸಿ, ಕಳೆದ ವಾರದ ಪಟ್ಟಿ ಉದ್ದವಿದ್ದರೆ ಅದರ ಬಾಲ ಕೆಳಗೆ ಉಳಿದುಬಿಡುತ್ತದೆ. ಸೊನ್ನೆಯಿಂದ ಶುರುವಾಗುವ ಕೋಡ್‌ಗಳಿದ್ದರೆ ಕಾಲಮ್‌ನ ‘ನಂಬರ್ ಫಾರ್ಮ್ಯಾಟ್’ ಅನ್ನು ಮೊದಲೇ ಟೆಕ್ಸ್ಟ್ ಮಾಡಿ, ಇಲ್ಲವಾದರೆ 007 ಬರೆದದ್ದು 7 ಆಗಿ ಕೂರುತ್ತದೆ. ಆಮೇಲೆ ಸಿ2ನ್ನು ‘ರೀಸೈಜ್’ ಮಾಡಿ ಅರೇಯನ್ನು ಒಂದೇ ಸಲ ಇಳಿಸಿ. ಹೆಸರುಗಳು ಮೊದಲು ಕಂಡ ಕ್ರಮದಲ್ಲೇ ಬರುತ್ತವೆ. ಫೈಲ್ ಅನ್ನು ಎಕ್ಸ್‌ಎಲ್‌ಎಸ್‌ಎಂ ಆಗಿ ಸೇವ್ ಮಾಡಲು ಮರೆಯಬೇಡಿ, ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ ಕೋಡ್ ಉಳಿಯುವುದಿಲ್ಲ.

ಇಷ್ಟಾದ ಮೇಲೂ ಒಂದು ಹೆಸರು ಎರಡು ಸಲ ಬಂದರೆ, ಆ ಎರಡು ಸೆಲ್‌ಗಳ ಪ್ರತಿ ಅಕ್ಷರದ ಸಂಕೇತವನ್ನು ‘ಎಎಸ್‌ಸಿಡಬ್ಲ್ಯು’ ಫಂಕ್ಷನ್‌ನಿಂದ ವಿಬಿಎ ಎಡಿಟರ್‌ನ ಇಮ್ಮಿಡಿಯೆಟ್ ವಿಂಡೋದಲ್ಲಿ ಸಾಲಾಗಿ ಪ್ರಿಂಟ್ ಮಾಡಿಸಿ. ಎರಡು ಸಾಲು ಪಕ್ಕಪಕ್ಕ ಇಟ್ಟರೆ ಎಲ್ಲಿ ಬೇರೆಯಾಯಿತು ಅಂತ ಕಾಣುತ್ತದೆ, ಆ ಸಂಖ್ಯೆಗೆ ಇನ್ನೊಂದು ರಿಪ್ಲೇಸ್ ಸಾಲು ಸೇರಿಸಿದರೆ ಆಯಿತು. ಗೊತ್ತಾಗದಿದ್ದರೆ ಆ ಸಂಖ್ಯೆಗಳನ್ನು ಮಾತ್ರ ಇಲ್ಲಿ ಹಾಕಿ, ಗ್ರಾಹಕರ ಹೆಸರು ಬೇಡ. ನೋಡಿ ಹೇಳುತ್ತೇನೆ.