ಮಟನ್ ಚಾಪ್ಸ್‌ಗೆ ರೆಡ್ ವೈನ್ ಸಾಸ್: ಜಮೈಕಾದ ಆಲ್‌ಸ್ಪೈಸ್ ಎಷ್ಟು, ಯಾವಾಗ ಹಾಕಬೇಕು?

ಆಲ್‌ಸ್ಪೈಸ್ ಅಂದರೆ ಮಸಾಲೆ ಮಿಶ್ರಣವಲ್ಲ, ಮೆಣಸಿನ ಕಾಳಿನಂಥ ಒಣಗಿಸಿದ ಕಾಯಿ. ಇಬ್ಬರಿಗೆ ನಾಲ್ಕೇ ಕಾಳು ಸಾಕು. ಲವಂಗದ ಘಾಟು ಕೊಡುವ ಯೂಜಿನಾಲ್ ಇದರಲ್ಲೂ ಇದೆ, ಹೆಚ್ಚಾದರೆ ವೈನಿನ ರುಚಿಯೇ ಮುಚ್ಚಿಹೋಗುತ್ತದೆ. ಚಾಪ್ಸ್ ಹುರಿದ ಸ್ಟೀಲ್ ಬಾಣಲೆಯಲ್ಲಿ ಒಂದು ಚಮಚ ಕೊಬ್ಬು ಉಳಿಸಿ, ಸಣ್ಣಗೆ ಹೆಚ್ಚಿದ ಅರ್ಧ ಉಳ್ಳಾಗಡ್ಡಿಯ ಜೊತೆ ಜಜ್ಜಿದ ಕಾಳನ್ನು ಬಾಡಿಸಿ. ತಳ ಕಂದಾಗಿರಬೇಕು, ಕರಕಲಾಗಿದ್ದರೆ ಸಾಸ್ ಕಹಿಯಾಗುವುದು ಖಂಡಿತ, ಬೇರೆ ಬಾಣಲೆ ತಗೊಳ್ಳಿ. ಉರಿ ಆರಿಸಿ 150 ಮಿ.ಲೀ. ಸಿಹಿಯಿಲ್ಲದ ವೈನ್ ಸುರಿಯಿರಿ. ಮತ್ತೆ ಉರಿ ಹಚ್ಚಿ, ತಳ ಕೆರೆಯುತ್ತ ಮೂರರಲ್ಲೊಂದು ಭಾಗಕ್ಕೆ ಬತ್ತಿಸಿ. ಉಪ್ಪಿಲ್ಲದ ಮಟನ್ ಸ್ಟಾಕ್ (ಮೂಳೆ ಬೇಯಿಸಿ ಸೋಸಿದ ನೀರು) ಅದೂ 150 ಮಿ.ಲೀ. ಹಾಕಿ ಅರ್ಧಕ್ಕಿಳಿಸಿ, ಸೋಸಿ.

ಕೊನೆಗೆ ಒಲೆಯಿಂದ ಇಳಿಸಿ 25 ಗ್ರಾಂ ತಣ್ಣನೆಯ ಬೆಣ್ಣೆ ಕಲಕಿ. ಬಳ್ಳಾರಿ ಬೇಸಿಗೆಯಲ್ಲಿ ಹೊರಗಿಟ್ಟ ಬೆಣ್ಣೆ ಮೊದಲೇ ಕರಗುತ್ತದೆ, ಸಾಸಿನ ಮೇಲೆ ಎಣ್ಣೆ ತೇಲುತ್ತದೆ. ಹಾಕುವವರೆಗೂ ಫ್ರಿಜ್ಜಿನಲ್ಲೇ ಇರಲಿ. ಉಪ್ಪು ರುಚಿ ನೋಡಿ, ಆಮೇಲೆ.