ಅಪ್ಪನಿಗೂ ಹೂಂ, ಅವ್ವನಿಗೂ ಹೂಂ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಹಳ್ಳಿಯವನು, ಹುಬ್ಬಳ್ಳಿಯಲ್ಲಿ ನೌಕರಿ. ಅಪ್ಪ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕರಾಗಿ ನಿವೃತ್ತರಾದವರು. ಸತ್ತ ಮೇಲೆ ತಮ್ಮ ದೇಹವನ್ನು ವೈದ್ಯಕೀಯ ಕಾಲೇಜಿಗೆ ಕೊಡಬೇಕೆಂದು ಬರೆದುಕೊಟ್ಟಿದ್ದಾರೆ. ಸಾಕ್ಷಿಯ ಸಹಿ ನನ್ನದು. ಅವ್ವನಿಗೆ ಇದು ಆಮೇಲೆ ಗೊತ್ತಾಯಿತು. ನಮ್ಮದು ಲಿಂಗಾಯತ ಮನೆತನ, ಹೊಲದಲ್ಲಿ ಅಜ್ಜನ ಗದ್ದಿಗೆ ಇದೆ. ಅದರ ಪಕ್ಕ ಅಪ್ಪ, ಅಪ್ಪನ ಪಕ್ಕ ತಾನು ಎಂದು ಅವ್ವ ಅಂದುಕೊಂಡಿದ್ದಳು. ಈಗ ದಿನವೂ ಅಳುತ್ತಾಳೆ. ‘ಮಣ್ಣು ಮಾಡುವ ಖರ್ಚು ಉಳಿಸಿದರು ಎಂದು ಊರು ಆಡಿಕೊಳ್ಳುತ್ತದೆ’ ಎನ್ನುತ್ತಾರೆ ಕಾಕಾ. ತಂಗಿಯ ಗಂಡನ ಮನೆಯವರೂ ಮುಖ ಸಿಂಡರಿಸಿದ್ದಾರೆ. ಅಪ್ಪನಿಗೆ ‘ನಿಮ್ಮ ಇಚ್ಛೆಯಂತೆಯೇ ಆಗುತ್ತದೆ’ ಎಂದಿದ್ದೇನೆ, ಅವ್ವನಿಗೆ ‘ಹಾಗೇನೂ ಮಾಡುವುದಿಲ್ಲ, ಅಳಬೇಡ’ ಎಂದಿದ್ದೇನೆ, ಕಾಕಾನಿಗೆ ‘ಆ ದಿನ ಬಂದಾಗ ನೋಡೋಣ’ ಎಂದಿದ್ದೇನೆ. ಅಪ್ಪನ ವಿಚಾರವೇ ಸರಿ ಎಂಬುದು ನನ್ನ ನಂಬಿಕೆಯೂ ಹೌದು. ಆದರೆ ಯಾರ ಮನಸ್ಸನ್ನೂ ನೋಯಿಸಲಾರೆ. ಎಲ್ಲರಿಗೂ ಒಪ್ಪಿಗೆಯಾಗುವ ದಾರಿ ಇದೆಯೇ?

ಉತ್ತರ: ಇಲ್ಲ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅಂಥದ್ದೊಂದು ದಾರಿಯನ್ನು ನಾನು ಹುಡುಕಿಕೊಟ್ಟೇನು ಎಂಬ ಆಸೆಯಿಂದಲೇ ನೀವು ಕೊನೆಯ ಸಾಲು ಬರೆದಂತಿದೆ. ಒಂದೇ ದಿನದ ಬಗ್ಗೆ ಮೂವರಿಗೆ ಮೂರು ಮಾತು ಕೊಟ್ಟಿದ್ದೀರಿ. ಆ ದಿನ ಕನಿಷ್ಠ ಒಬ್ಬರ ಪಾಲಿಗೆ ನೀವು ಸುಳ್ಳುಗಾರರಾಗುತ್ತೀರಿ. ಈಗ ಯಾರನ್ನೂ ನೋಯಿಸದೆ ಉಳಿಸಿಕೊಂಡ ನೋವನ್ನೆಲ್ಲ, ಅಪ್ಪ ಇಲ್ಲದ ಮನೆಯ ಅಂಗಳದಲ್ಲಿ, ಜನ ನೆರೆದಾಗ, ಒಟ್ಟಿಗೆ ಹಂಚಬೇಕಾಗುತ್ತದೆ.

‘ನೋಡೋಣ’ ಎಂಬ ಮಾತು ಯಾರ ಪರವೂ ಅಲ್ಲ ಎಂದು ನೀವು ಭಾವಿಸಿದ್ದೀರಿ. ದೇಹದಾನದ ವಿಷಯದಲ್ಲಿ ಅದು ಅಪ್ಪನ ವಿರುದ್ಧದ ಮಾತೇ. ಕಾಗದಕ್ಕೆ ಸಹಿ ಹಾಕಿದ ಮಾತ್ರಕ್ಕೆ ದೇಹ ಕಾಲೇಜಿಗೆ ಹೋಗುವುದಿಲ್ಲ. ಸಾವಿನ ಸುದ್ದಿಯನ್ನು ಕಾಲೇಜಿಗೆ ಮುಟ್ಟಿಸುವವರು ಮನೆಯವರು, ವೈದ್ಯರಿಂದ ಮರಣದ ದೃಢೀಕರಣ ಪತ್ರ ಪಡೆಯುವವರು ಮನೆಯವರು, ಕೊನೆಗೆ ಒಪ್ಪಿಸುವವರೂ ಮನೆಯವರೇ. ಬಾಗಿಲಲ್ಲಿ ಅಣ್ಣತಮ್ಮಂದಿರು ಜಗಳವಾಡುತ್ತಿರುವ ಮನೆಯಿಂದ ದೇಹವನ್ನು ಎಳೆದುಕೊಂಡು ಹೋಗಲು ಯಾವ ಅಂಗರಚನಾ ವಿಭಾಗವೂ ಮುಂದಾಗುವುದಿಲ್ಲ. ಜೊತೆಗೆ ಸಮಯವೂ ಕಾಯುವುದಿಲ್ಲ. ಕಣ್ಣುಗಳನ್ನೂ ದಾನ ಮಾಡುವುದಾದರೆ ಆರು ಗಂಟೆಯೊಳಗೆ ತೆಗೆಯಬೇಕು. ದೇಹ ಕೆಡುವ ಮೊದಲೇ ಅದಕ್ಕೆ ಸಂರಕ್ಷಕ ದ್ರಾವಣ ತುಂಬಬೇಕು. ಮುಂಬೈಯಿಂದ ಮೊಮ್ಮಗ ಬರಲಿ, ಬೀಗರು ಬರಲಿ ಎಂದು ಕಾಯುತ್ತ, ನಡುವೆ ಒಂದು ಸುತ್ತು ವಾದ ಮಾಡುತ್ತ ಕುಳಿತರೆ ನಿರ್ಧಾರ ತಾನಾಗಿಯೇ ಆಗಿಹೋಗುತ್ತದೆ. ‘ನಾನೇನು ಮಾಡಲಿ, ಪರಿಸ್ಥಿತಿ ಹಾಗಿತ್ತು’ ಎಂದು ಆಮೇಲೆ ನಿಮಗೆ ನೀವೇ ಹೇಳಿಕೊಳ್ಳಬಹುದು. ನಿಮ್ಮ ಮನಸ್ಸಿನ ಮೂಲೆಯಲ್ಲಿ ಈ ಅನುಕೂಲದ ಲೆಕ್ಕ ಈಗಾಗಲೇ ಕುಳಿತಿದೆಯೇ ಎಂದು ಒಮ್ಮೆ ಕೇಳಿಕೊಳ್ಳಿ. ಬೈಯಲು ಹೇಳುತ್ತಿಲ್ಲ. ಒಳ್ಳೆಯವರೆನಿಸಿಕೊಂಡವರಲ್ಲಿ ಬಹಳ ಜನರಿಗೆ ಇರುತ್ತದೆ.

ಇನ್ನು ನೀವು ಮೆಚ್ಚಿಸಲು ಹೊರಟಿರುವವರ ಪಟ್ಟಿ. ಅದರಲ್ಲಿ ಅವ್ವ, ಕಾಕಾ, ತಂಗಿಯ ಅತ್ತೆಮನೆ ಎಲ್ಲರೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಅದು ಸರಿಯಲ್ಲ. ಬೀಗರ ಮುಖದ ಗಂಟನ್ನು ಬೀಗರೇ ಬಿಡಿಸಿಕೊಳ್ಳಲಿ. ಕಾಕಾ ಹೇಳುತ್ತಿರುವುದು ಊರಿನ ಮಾತು. ನೀವು ಶವಯಾತ್ರೆಗೆ ವಿಮಾನ ಕಟ್ಟಿ, ಭಜನೆ ಹಚ್ಚಿ, ಸಾವಿರ ಜನಕ್ಕೆ ಊಟ ಹಾಕಿದರೂ ಊರು ಹುಗ್ಗಿಗೆ ಬೆಲ್ಲ ಕಡಿಮೆಯಾಯಿತು ಎಂದು ಆಡಿಕೊಳ್ಳುತ್ತದೆ. ಆದರೆ ಅವ್ವನದು ಊರಿನ ಮಾತಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ಅವ್ವನಿಗೆ ಇದು ಆಮೇಲೆ ಗೊತ್ತಾಯಿತು’ ಎಂಬ ಪುಟ್ಟ ವಾಕ್ಯ. ಎಷ್ಟೋ ಮಕ್ಕಳಿಗೆ ಕಣ್ಣಿನ ರಚನೆ, ಹೃದಯದ ಕವಾಟಗಳನ್ನು ಬಿಡಿಸಿ ಹೇಳಿದ ಮೇಷ್ಟ್ರು, ಜೀವಮಾನವಿಡೀ ಜೊತೆಗಿದ್ದ ಹೆಂಡತಿಗೆ ಮಾತ್ರ ಒಂದು ಮಾತು ಹೇಳಲಿಲ್ಲ. ಮಗ ಸಾಕ್ಷಿಯಾದ, ಹೆಂಡತಿ ಸುದ್ದಿ ಕೇಳಿದಳು. ಆಕೆಯ ಅಳುವಿನಲ್ಲಿ ಮುಕ್ತಿಯ ಚಿಂತೆ ಎಷ್ಟು, ತನ್ನನ್ನು ಲೆಕ್ಕಕ್ಕೇ ಹಿಡಿಯಲಿಲ್ಲ ಎಂಬ ನೋವು ಎಷ್ಟು, ಹೊಲದಲ್ಲಿ ನಾಳೆ ತಾನೊಬ್ಬಳೇ ಮಲಗಬೇಕಲ್ಲ ಎಂಬ ಭಯ ಎಷ್ಟು? ಇದನ್ನು ಯಾರಾದರೂ ಕೇಳಿದ್ದೀರಾ? ‘ಅಳಬೇಡ, ಹಾಗೇನೂ ಮಾಡುವುದಿಲ್ಲ’ ಎಂದದ್ದು ಸಮಾಧಾನವಲ್ಲ, ಆಕೆಯ ಬಾಯಿ ಮುಚ್ಚಿಸಿದ್ದು.

ಆದ್ದರಿಂದ ಮೊದಲ ಕೆಲಸ ನಿಮ್ಮದಲ್ಲ, ಅಪ್ಪನದು. ಊರಿಗೆ ಹೋಗಿ ಅವರೊಡನೆ ಕುಳಿತು, ‘ಅವ್ವನಿಗೆ ನಾನು ಸುಳ್ಳು ಹೇಳಿದ್ದೇನೆ, ಇನ್ನು ಹೇಳಲಾರೆ, ನೀವೇ ಆಕೆಯೊಂದಿಗೆ ಮಾತನಾಡಿ’ ಎನ್ನಿ. ಆ ಮಾತುಕತೆಯಲ್ಲಿ ನೀವು ವಕೀಲರಾಗಬೇಡಿ. ಗಂಡಹೆಂಡಿರಿಬ್ಬರೇ ಇರಲಿ. ಅವ್ವನ ಮುಖ ನೋಡಿ ಅಪ್ಪ ತಾವೇ ಮನಸ್ಸು ಬದಲಿಸಿದರೆ ಆ ಕಾಗದ ಹರಿದುಹಾಕಿ. ಅದು ಅವರ ದೇಹ, ಅವರ ಹಕ್ಕು. ಅವರಿಗಿಂತ ದೊಡ್ಡ ವಿಚಾರವಾದಿ ನೀವಾಗಬೇಕಿಲ್ಲ.

ಬದಲಿಸದಿದ್ದರೆ, ಅವ್ವನಿಗೆ ನೀವು ಕೊಡಬಹುದಾದದ್ದು ಬಹಳಷ್ಟಿದೆ. ಆಕೆಯ ಸಮಾಧಿ ಆಕೆಯ ಇಚ್ಛೆಯಂತೆ, ಆಕೆ ತೋರಿಸಿದ ಜಾಗದಲ್ಲೇ ಆಗುತ್ತದೆಂದು ಮಾತು ಕೊಡಿ. ಒಬ್ಬರ ಇಚ್ಛೆ ನಡೆಸುವುದೆಂದರೆ ಇನ್ನೊಬ್ಬರದನ್ನು ಕಸಿಯುವುದಲ್ಲ. ಅಪ್ಪನನ್ನು ಕಳಿಸುವ ಮೊದಲು ಮನೆಯಲ್ಲಿ ವಿಭೂತಿ ಹಚ್ಚಿ, ಅಯ್ಯನವರನ್ನು ಕರೆಸಿ, ಪೂಜೆ ಭಜನೆ ಎಲ್ಲವನ್ನೂ ಮಾಡಬಹುದು. ಸಮಯದ ಮಿತಿ ಒಂದನ್ನು ಬಿಟ್ಟರೆ ಕಾಲೇಜಿನ ಅಡ್ಡಿ ಇರುವುದಿಲ್ಲ. ಇಷ್ಟಲಿಂಗವನ್ನು ಏನು ಮಾಡಬೇಕೆಂಬುದು ಅವ್ವನನ್ನು ಕಾಡುತ್ತಿರಬಹುದು. ನಿಮ್ಮ ಮಠದ ಸ್ವಾಮಿಗಳನ್ನು ಅಪ್ಪ ಗಟ್ಟಿಯಾಗಿರುವಾಗಲೇ ಕೇಳಿ. ಅವರ ಬಾಯಿಂದ ಬಂದ ಒಂದು ಮಾತು ನಿಮ್ಮ ಹತ್ತು ವಿವರಣೆಗಿಂತ ಆಕೆಗೆ ಹೆಚ್ಚು ತಂಪು.

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಹೆಸರು ಅವ್ವನಿಗೆ ಹೊಸದಾಗಿರಲಾರದು. ತಮ್ಮ ದೇಹವನ್ನು ಮಣ್ಣಿನಲ್ಲಿಡದೆ ಅಗ್ನಿಗೆ ಅರ್ಪಿಸಬೇಕು, ಸ್ಮಾರಕ ಕಟ್ಟಬಾರದು ಎಂದು ಅವರು ಮೊದಲೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ಹೋದಾಗ ಆಶ್ರಮ ಅದರಂತೆಯೇ ನಡೆಯಿತು. ಗದ್ದಿಗೆಯೊಂದು ಇದ್ದಿದ್ದರೆ ಎಂದು ಹಂಬಲಿಸಿದ ಭಕ್ತರು ಆ ಜನಸಾಗರದಲ್ಲಿ ಎಷ್ಟಿದ್ದರೋ! ಆದರೂ ಬರೆದಿಟ್ಟ ಮಾತೇ ನಡೆಯಿತು. ಬೆಳಗಾವಿಯ ಡಾ. ಮಹಾಂತೇಶ ರಾಮಣ್ಣವರ ಇನ್ನೂ ಮುಂದೆ ಹೋದವರು. ಆಯುರ್ವೇದ ಕಾಲೇಜಿನಲ್ಲಿ ಅಂಗರಚನೆ ಕಲಿಸುವ ಅವರು, ದಾನವಾಗಿ ಬಂದ ತಮ್ಮ ತಂದೆಯ ದೇಹವನ್ನು 2010ರಲ್ಲಿ ತಾವೇ ಛೇದಿಸಿ ವಿದ್ಯಾರ್ಥಿಗಳಿಗೆ ಪಾಠ ಮಾಡಿದರು. ಅದು ತಂದೆಯದೇ ಆಸೆಯಾಗಿತ್ತು. ಇದನ್ನು ಕಾಕಾನಿಗೆ ಬೇಕಾದರೆ ಹೇಳಿ. ಅವ್ವನ ಮುಂದೆ ಬೇಡ, ಛೇದಿಸುವ ಮಾತು ಆಕೆಗೆ ಈಗಲೇ ತಡೆಯಲಾಗುವುದಿಲ್ಲ.

ಕಣ್ಣಿನ ಮಾತನ್ನು ಬೇರೆಯಾಗಿಯೇ ಎತ್ತಿ. ರಾಜ್‌ಕುಮಾರ್ 2006ರಲ್ಲಿ, ಪುನೀತ್ 2021ರಲ್ಲಿ ಕಣ್ಣು ಕೊಟ್ಟು ಹೋದದ್ದು ನಿಮ್ಮ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಇಬ್ಬರನ್ನೂ ಮಣ್ಣಲ್ಲೇ ಇಟ್ಟರು. ಅಂದರೆ ದೇಹ ಎಲ್ಲಿಗೆ ಹೋದರೂ ಕಣ್ಣಿಗೆ ತಕರಾರಿಲ್ಲ, ಕಣ್ಣು ಕೊಟ್ಟ ದೇಹವನ್ನು ಕಾಲೇಜುಗಳು ಸಾಮಾನ್ಯವಾಗಿ ಬೇಡವೆನ್ನುವುದೂ ಇಲ್ಲ. ಉಸಿರು ನಿಂತ ಕೂಡಲೇ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಬೇಕು, ಫ್ಯಾನ್ ಆರಿಸಬೇಕು, ತಲೆಯ ಕೆಳಗೆ ದಿಂಬಿಟ್ಟು ಸ್ವಲ್ಪ ಎತ್ತರಿಸಬೇಕು. ಇದನ್ನು ತಂಗಿಗೂ ಕಲಿಸಿಡಿ, ಆ ಹೊತ್ತಿನಲ್ಲಿ ನೀವು ಹುಬ್ಬಳ್ಳಿಯಲ್ಲಿರಬಹುದು.

ಅವ್ವನಿಗೆ ಮುಚ್ಚಿಡಬಾರದ ಇನ್ನೊಂದು ಸಂಗತಿ ಇದೆ. ಅಪಘಾತವಾಗಿ ಮರಣೋತ್ತರ ಪರೀಕ್ಷೆ ನಡೆದರೆ, ಅಂಟುವ ಕೆಲವು ರೋಗಗಳಿದ್ದರೆ, ಕಾಲೇಜು ದೇಹವನ್ನು ತೆಗೆದುಕೊಳ್ಳದೆ ಇರಬಹುದು. ಹಾಗಾದಾಗ ಅಜ್ಜನ ಪಕ್ಕದ ಜಾಗವೇ ಎಂದು ಅಪ್ಪನಿಂದಲೇ ಹೇಳಿಸಿ. ಆಕೆಗೆ ಅಷ್ಟಾದರೂ ಹಿಡಿದುಕೊಳ್ಳಲು ಇರಲಿ.

ಇಷ್ಟೆಲ್ಲ ಆದ ಮೇಲೂ ಆಕೆ ಒಪ್ಪದಿದ್ದರೆ? ಒಪ್ಪದೆ ಇರಬಹುದು. ಆಗಲೂ ನನ್ನ ಮಾತು ಅಪ್ಪನ ಪರವೇ. ಅವ್ವನ ನೋವು ಚಿಕ್ಕದೆಂದಲ್ಲ. ದೇಹ ಅವರದು, ಸಹಿ ನಿಮ್ಮದು, ಹೋದ ಮೇಲೆ ಅವರು ಎದ್ದು ಬಂದು ಕೇಳಲಾರರು. ಅವ್ವ ನಿಮ್ಮ ಮೇಲೆ ಸಿಟ್ಟಾಗಬಹುದು, ಕೆಲವು ಕಾಲ ಮಾತು ಬಿಡಬಹುದು. ಆ ಸಿಟ್ಟನ್ನು ಸಹಿಸಿಕೊಂಡು ಆಕೆಯ ಹತ್ತಿರವೇ ಇರಿ. ಸಿಟ್ಟಾದ ತಾಯಿಯ ಮುಂದೆ ಕೂರಲು ಕಲಿತಿಲ್ಲದ ಕಾರಣಕ್ಕೇ ನೀವು ಇಷ್ಟು ವರ್ಷ ಎಲ್ಲದಕ್ಕೂ ಹೂಂ ಎಂದಿರಬೇಕು ಎಂಬುದು ನನ್ನ ಊಹೆ.

ಕಾಕಾನಿಗೆ ಉದ್ದನೆಯ ವಿವರಣೆ ಬೇಡ. ಫೋನಿನಲ್ಲಿ ಹೇಳದೆ ಮನೆಗೆ ಹೋಗಿ, ‘ಅಪ್ಪ ಬರೆದಿಟ್ಟಂತೆ ನಡೆಸುತ್ತೇನೆ ಕಾಕಾ, ನೀವು ನನ್ನ ಜೊತೆ ನಿಲ್ಲಬೇಕು’ ಎಂದಷ್ಟೇ ಹೇಳಿ. ‘ಜನ ಏನೆಂದಾರು’ ಎಂದರೆ ಅದನ್ನೇ ಇನ್ನೊಮ್ಮೆ ಹೇಳಿ. ಖರ್ಚು ಉಳಿಸಿದರು ಎಂಬ ಮಾತಿಗೆ ಹೆದರಿ ಸಾಲ ಮಾಡಿ ಊಟ ಹಾಕಲು ಹೋಗಬೇಡಿ. ತೀರಿಕೊಂಡವರ ಹೆಸರಿನಲ್ಲಿ ಮಾಡುವ ಶಿವಗಣಾರಾಧನೆ ಅವ್ವನಿಗೆ ಬೇಕೆನಿಸಿದರೆ ಆಕೆಗಾಗಿ ಮಾಡಿ.

ಒಪ್ಪಿಗೆ ಪತ್ರದ ಒಂದು ಪ್ರತಿ ತಂಗಿಯ ಕೈಯಲ್ಲಿರಲಿ. ಕಾಲೇಜಿನ ಅಂಗರಚನಾ ವಿಭಾಗಕ್ಕೆ ಒಮ್ಮೆ ಹೋಗಿ ರಾತ್ರಿ ಯಾರಿಗೆ ಕರೆ ಮಾಡಬೇಕು, ರಜಾದಿನ ತೆಗೆದುಕೊಳ್ಳುತ್ತಾರೆಯೇ, ವಾಹನ ಯಾರದು ಎಂದು ಕೇಳಿಕೊಂಡು ಬನ್ನಿ. ಹೋಗುವಾಗ ಅಪ್ಪನನ್ನೂ ಕರೆದುಕೊಂಡು ಹೋಗಿ. ಮೇಷ್ಟ್ರಲ್ಲವೇ, ಪ್ರಯೋಗಾಲಯ ನೋಡಲು ಅವರಿಗೆ ಖುಷಿಯಾದೀತು.