ತಮ್ಮನನ್ನು ಜಗಳೂರಿಗೆ ಕಳುಹಿಸಿ ಹೆಣ್ಣು ತೋರಿಸಬೇಕೇ?

ಪ್ರಶ್ನೆ: ನನಗೆ 27 ವರ್ಷ. ದಾವಣಗೆರೆಯ ಖಾಸಗಿ ಕಾಲೇಜೊಂದರಲ್ಲಿ ಉಪನ್ಯಾಸಕಿ. ಅಪ್ಪಾಜಿಗೆ ಮಂಡಿಪೇಟೆಯಲ್ಲಿ ಬಟ್ಟೆ ಅಂಗಡಿ ಇದೆ. ನನಗೆ ಒಬ್ಬನೇ ತಮ್ಮ, 23 ವರ್ಷ. ಮಾತು ಕಡಿಮೆ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಾನೆ. ಹೊಸಬರು ಬಂದರೆ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾನೆ. ಚಿಕ್ಕವನಿದ್ದಾಗ ಬುದ್ಧಿಮಾಂದ್ಯ ಎಂದು ಪ್ರಮಾಣಪತ್ರ ಕೊಟ್ಟಿದ್ದರು. ಈಚೆಗೆ ಬೆಂಗಳೂರಿನಲ್ಲಿ ತೋರಿಸಿದಾಗ ಆಟಿಸಂ ಎಂದರು. ಶಾಲೆ ಐದನೇ ತರಗತಿಗೆ ನಿಂತಿತು. ಮಧ್ಯಾಹ್ನ ಅಪ್ಪಾಜಿಯ ಜೊತೆ ಅಂಗಡಿಗೆ ಹೋಗಿ, ಗಿರಾಕಿಗಳು ಬಿಚ್ಚಿಹಾಕಿದ ಸೀರೆಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಚಿಡುತ್ತಾನೆ. ಚಿತ್ರದುರ್ಗದಿಂದ ನನಗೊಂದು ಸಂಬಂಧ ಬಂದಿದೆ. ಹುಡುಗನ ಜೊತೆ ಫೋನಿನಲ್ಲಿ ಮಾತನಾಡಿದ್ದೇನೆ, ಇಷ್ಟವಾಗಿದ್ದಾನೆ. ಮುಂದಿನ ತಿಂಗಳು ಹೆಣ್ಣು ನೋಡಲು ಬರುತ್ತಾರೆ. ಆ ದಿನ ತಮ್ಮನನ್ನು ಜಗಳೂರಿನ ಅತ್ತೆಯ ಮನೆಗೆ ಕಳುಹಿಸಿ, ‘ಮಗ ಹೊರಗೆ ಓದುತ್ತಿದ್ದಾನೆ’ ಎಂದು ಹೇಳೋಣ ಎನ್ನುತ್ತಾರೆ ಅಮ್ಮ. ಹಿಂದೆ ಒಂದು ಸಂಬಂಧ ಅವನನ್ನು ನೋಡಿದ ಮೇಲೆ ತಪ್ಪಿಹೋಗಿತ್ತು. ಅಮ್ಮನ ಮಾತು ಮೀರಲಾರೆ, ಸುಳ್ಳೂ ಹೇಳಲಾರೆ. ಅಪ್ಪ ಅಮ್ಮನ ನಂತರ ಅವನಿಗೆ ನಾನೇ ಗತಿ. ಹಾಗಿರುವಾಗ ಮದುವೆಯೇ ಬೇಡ ಎಂದೂ ಅನಿಸುತ್ತದೆ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಜಗಳೂರಿಗೆ ಕಳುಹಿಸಬೇಡಿ. ಉಳಿದದ್ದೆಲ್ಲ ಆಮೇಲೆ.

ನಿಮ್ಮ ಅಮ್ಮನ ಮೇಲೆ ನನಗೆ ಕೋಪವಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ಕೇಳಿಕೊಂಡೇ ಬೆಳೆದವರು ಅವರು. ಕೂಡಿಬಂದ ಸಂಬಂಧ ಕಣ್ಣೆದುರೇ ಮುರಿದುಬಿದ್ದದ್ದನ್ನು ನೋಡಿದವರು. ‘ಬಸುರಿಯಿದ್ದಾಗ ಗ್ರಹಣ ನೋಡಿದ್ದೆಯಾ’ ಎಂಬಂಥ ಪ್ರಶ್ನೆಗಳು ಎಷ್ಟು ಸಲ ಅವರ ಕಿವಿಗೆ ಬಿದ್ದಿವೆಯೋ. ಆದರೂ ಈ ಸುಳ್ಳನ್ನು ಒಂದು ದಿನ ಹೇಳಿ ಮುಗಿಸಲಾಗುವುದಿಲ್ಲ. ನಿಶ್ಚಿತಾರ್ಥದ ದಿನ ಹೇಳಬೇಕು, ಧಾರೆಯ ದಿನ ಹೇಳಬೇಕು. ಮದುವೆಯಾದ ಮೊದಲ ಪಂಚಮಿಗೆ ಮಗಳು ಅಳಿಯ ಮನೆಗೆ ಬರುತ್ತಾರಲ್ಲ, ಆಗ ‘ಹೊರಗೆ ಓದುತ್ತಿರುವ’ ಮಗ ಜೋಕಾಲಿಯ ಪಕ್ಕದಲ್ಲೇ ನಿಂತಿರುತ್ತಾನೆ. ಅಲ್ಲಿಯವರೆಗೆ ನೀವು ಸೆರಗಿನಲ್ಲಿ ಕೆಂಡ ಕಟ್ಟಿಕೊಂಡು ಓಡಾಡಬೇಕು. ಅಷ್ಟಕ್ಕೂ ಗಂಡಿನ ಕಡೆಯವರು ವಿಚಾರಿಸದೆ ಬರುವವರೇ? ಚಿತ್ರದುರ್ಗದಿಂದ ದಾವಣಗೆರೆಗೆ ಅರವತ್ತು ಕಿಲೋಮೀಟರ್ ದಾರಿ. ಮಂಡಿಪೇಟೆಯಲ್ಲಿ ಪರಿಚಯದವರು ಇಲ್ಲದ ಮನೆ ನಮ್ಮ ಸೀಮೆಯಲ್ಲಿ ಕಡಿಮೆ.

ಇನ್ನು ನಿಮ್ಮ ತಮ್ಮನ ಕಡೆಯಿಂದ ನೋಡಿ. ಆಟಿಸಂ ಇರುವ ಬಹಳ ಮಂದಿಗೆ ನಿತ್ಯದ ಕ್ರಮವೇ ನೆಮ್ಮದಿ. ಅಂಗಡಿಗೆ ಹೋಗುವ ಹೊತ್ತಿಗೆ ಕಾರಣ ಹೇಳದೆ ಬಸ್ಸು ಹತ್ತಿಸಿ ಬೇರೆ ಮನೆಗೆ ಒಯ್ದರೆ, ಅಲ್ಲಿನ ಹಾಸಿಗೆ, ಅಲ್ಲಿನ ಸದ್ದು, ಅಲ್ಲಿನ ಸಾರಿನ ವಾಸನೆ ಎಲ್ಲವೂ ಒಮ್ಮೆಲೇ ಅವನ ಮೇಲೆ ಬೀಳುತ್ತವೆ. ರಾತ್ರಿಯೆಲ್ಲ ಅವನೂ ಮಲಗುವುದಿಲ್ಲ, ನಿಮ್ಮ ಅತ್ತೆಯೂ ಮಲಗುವುದಿಲ್ಲ.

ಹುಡುಗನಿಗೆ ಈ ವಾರವೇ ಫೋನ್ ಮಾಡಿ. ಅವರು ಬಂದು ಕೂತ ಮೇಲೆ ತಿಳಿಸುವುದು ತಡವಾಗುತ್ತದೆ. ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡು ಯಾರೂ ಇಂಥ ವಿಷಯವನ್ನು ಸರಿಯಾಗಿ ಯೋಚಿಸಲಾರರು. ಪೀಠಿಕೆ ಹಾಕಬೇಡಿ, ಅಳಬೇಡಿ, ‘ಕ್ಷಮಿಸಿ’ ಎಂದು ಶುರುಮಾಡಬೇಡಿ. ‘ನನ್ನ ತಮ್ಮನಿಗೆ ಆಟಿಸಂ ಇದೆ. ನಮ್ಮ ಜೊತೆಯಲ್ಲೇ ಇದ್ದಾನೆ, ಅಂಗಡಿಯಲ್ಲಿ ಅಪ್ಪಾಜಿಗೆ ಕೈಜೋಡಿಸುತ್ತಾನೆ. ನೀವು ಬಂದಾಗ ಮನೆಯಲ್ಲೇ ಇರುತ್ತಾನೆ. ಮುಂದೆಯೂ ಅವನ ವಿಷಯದಲ್ಲಿ ನನ್ನ ಪಾಲಿನ ಜವಾಬ್ದಾರಿ ಇರುತ್ತದೆ’ – ಇಷ್ಟು ಸಾಕು. ಹಿಂದೆ ಸರಿಯುವವನು ಫೋನಿನಲ್ಲೇ ಸರಿದುಕೊಳ್ಳಲಿ. ಆ ನೋವು ಕೆಲವು ವಾರಗಳದ್ದು.

ಅವನ ಕಡೆಯಿಂದ ಎರಡು ಪ್ರಶ್ನೆಗಳು ಬಂದೇ ಬರುತ್ತವೆ. ಗುಣವಾಗುತ್ತದೆಯೇ ಎನ್ನುವುದು ಮೊದಲನೆಯದು. ಆಟಿಸಂ ಜ್ವರದಂತೆ ಬಂದು ಹೋಗುವ ಕಾಯಿಲೆಯಲ್ಲ. ಮಿದುಳಿನ ಬೆಳವಣಿಗೆಯೇ ಬೇರೆ ರೀತಿಯದು, ಜೀವನದುದ್ದಕ್ಕೂ ಇರುತ್ತದೆ. ತರಬೇತಿಯಿಂದ ಸಂವಹನ, ಸ್ವಂತ ಕೆಲಸ, ಓಡಾಟ ಯಾವ ವಯಸ್ಸಿನಲ್ಲಿಯೂ ಸುಧಾರಿಸಬಹುದು. ತಾಯಿಯ ಪ್ರೀತಿ ಸಾಲದೆ ಹೀಗಾಗುತ್ತದೆ ಎಂದು ಒಂದು ಕಾಲದಲ್ಲಿ ದೊಡ್ಡ ದೊಡ್ಡ ತಜ್ಞರೇ ಬರೆದಿದ್ದರು. ಆ ವಾದ ಬಿದ್ದುಹೋಗಿ ದಶಕಗಳೇ ಆದವು. ಇದನ್ನು ನಿಮ್ಮ ಅಮ್ಮನಿಗೂ ಒಮ್ಮೆ ಕೂರಿಸಿಕೊಂಡು ಹೇಳಿ.

ಎರಡನೆಯದು, ನಿಮಗೆ ಹುಟ್ಟುವ ಮಕ್ಕಳ ಪ್ರಶ್ನೆ. ಹುಡುಗ ಕೇಳದಿದ್ದರೂ ಅವನ ತಾಯಿ ಕೇಳುತ್ತಾರೆ. ಕೇಳುವುದು ತಪ್ಪೂ ಅಲ್ಲ. ಆಟಿಸಂನಲ್ಲಿ ಅನುವಂಶೀಯತೆಯ ಪಾತ್ರವಿದೆ, ಇಲ್ಲವೆನ್ನಬೇಡಿ. ಸ್ವೀಡನ್ನಿನ ಸುಮಾರು ಎಂಟೂವರೆ ಲಕ್ಷ ಮಕ್ಕಳ ದಾಖಲೆಗಳನ್ನು ಆಧರಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಸಾಮಾನ್ಯವಾಗಿ ನೂರು ಮಕ್ಕಳಲ್ಲಿ ಒಂದೂವರೆಯಷ್ಟು ಇರುವ ಪ್ರಮಾಣ, ಆಟಿಸಂ ಇರುವ ಸೋದರಮಾವನೋ ಚಿಕ್ಕಪ್ಪನೋ ಅತ್ತೆಯೋ ಇರುವ ಮಕ್ಕಳಲ್ಲಿ ನೂರಕ್ಕೆ ಮೂರರಿಂದ ಐದರಷ್ಟಿತ್ತು. ತಾಯಿಯ ಕಡೆಯವರಾದರೆ ಹೆಚ್ಚು, ತಂದೆಯ ಕಡೆಯವರಾದರೆ ಕಡಿಮೆ ಎಂಬ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಂದರೆ ನೂರರಲ್ಲಿ ತೊಂಬತ್ತೈದಕ್ಕಿಂತ ಕಡಿಮೆಯಿಲ್ಲದಷ್ಟು ಮಕ್ಕಳಿಗೆ ಆಟಿಸಂ ಇರಲಿಲ್ಲ. ಈ ಲೆಕ್ಕವನ್ನು ಹುಡುಗನ ಮುಂದಿಡಿ. ಇನ್ನೂ ಅನುಮಾನವಿದ್ದರೆ ಇಬ್ಬರೂ ಕೂಡಿ ಆನುವಂಶಿಕ ಸಮಾಲೋಚಕರನ್ನು ಕಾಣಬಹುದು.

ಅವರು ಬರುವ ದಿನಕ್ಕೆ ಒಂದಿಷ್ಟು ಸಿದ್ಧತೆ ಬೇಕು. ಯಾರು ಬರುತ್ತಾರೆ, ಎಲ್ಲಿ ಕೂರುತ್ತಾರೆ, ಎಷ್ಟು ಹೊತ್ತಿಗೆ ಹೋಗುತ್ತಾರೆ ಎಂಬುದನ್ನು ತಮ್ಮನಿಗೆ ಎರಡು ಮೂರು ದಿನ ಮೊದಲೇ ಹೇಳಲಾರಂಭಿಸಿ. ಬರುವವರ ಫೋಟೊ ಇದ್ದರೆ ಮೊಬೈಲಿನಲ್ಲಿ ತೋರಿಸಿ. ಕುಕ್ಕರನ್ನು ಅವರು ಬರುವ ಮುನ್ನವೇ ಇಳಿಸಿಬಿಡಿ. ‘ನಮಸ್ಕಾರ ಮಾಡು, ಹೆಸರು ಹೇಳು’ ಎಂದು ಎಲ್ಲರೆದುರು ಒತ್ತಾಯಿಸಬೇಡಿ. ಸಾಕೆನಿಸಿದಾಗ ಎದ್ದುಹೋಗಲು ಅವನಿಗೊಂದು ಕೋಣೆಯಿರಲಿ. ಕೇಳಿದ್ದನ್ನೇ ಕೇಳಿದರೆ ಉತ್ತರ ಕೊಟ್ಟರಾಯಿತು. ಕೇಳಿದ್ದನ್ನೇ ಕೇಳುವುದರಲ್ಲಿ ನಮ್ಮ ಬೀಗರೂ ಕಡಿಮೆಯೇನಿಲ್ಲ.

ಈಗ ‘ನಾನೇ ಗತಿ’ ಎಂಬ ಮಾತಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಚುಚ್ಚಿದ್ದು ಅದೇ. ನಿಮ್ಮ ಮದುವೆ ಮತ್ತು ಅವನ ಬಾಳು ಎರಡನ್ನೂ ನೀವು ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದೀರಿ. ನೀವು ಮದುವೆಯಾಗದೆ ಉಳಿದರೂ ಅವನ ಹೆಸರಿನಲ್ಲಿ ಒಂದು ಕಾಗದವಾಗಲಿ ಒಂದು ಖಾತೆಯಾಗಲಿ ತಾನಾಗಿ ಹುಟ್ಟುವುದಿಲ್ಲ. ಮಾಡಬೇಕಾದ ಕೆಲಸ ಬೇರೆಯೇ ಇದೆ, ಅದನ್ನು ಅಪ್ಪ ಅಮ್ಮ ಗಟ್ಟಿಯಾಗಿರುವಾಗಲೇ ಶುರುಮಾಡಬೇಕು.

ಮೊದಲು ಆ ಹಳೆಯ ಪ್ರಮಾಣಪತ್ರ. ಆಗಿನ ವೈದ್ಯರನ್ನು ದೂರಿ ಫಲವಿಲ್ಲ: 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಇದ್ದದ್ದೇ ಏಳು ವೈಕಲ್ಯಗಳು, ಆಟಿಸಂ ಅದರಲ್ಲಿ ಇರಲಿಲ್ಲ. 2016ರ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿತು, ಆಗ ಆಟಿಸಂ ಸೇರಿತು. ಈಗ ಹೊಸದಾಗಿ ಮೌಲ್ಯಮಾಪನ ಮಾಡಿಸಿ. ಇದಕ್ಕೆ ಭಾರತದಲ್ಲೇ ರೂಪಿಸಿದ 40 ಅಂಶಗಳ ಅಳತೆಪಟ್ಟಿಯೊಂದನ್ನು ಬಳಸುತ್ತಾರೆ. ಅವನನ್ನು ಗಮನಿಸುವುದರ ಜೊತೆಗೆ ಮನೆಯವರನ್ನೂ ಕೇಳುತ್ತಾರೆ. ಆದ್ದರಿಂದ ಅಮ್ಮನನ್ನು ಕರೆದುಕೊಂಡೇ ಹೋಗಿ, ಬಾಲ್ಯದ ವಿವರ ಅವರಿಗೇ ಗೊತ್ತು. ಬುದ್ಧಿಮಾಂದ್ಯ ಮತ್ತು ಆಟಿಸಂ ಎರಡೂ ಒಬ್ಬರಲ್ಲೇ ಇರಬಹುದು, ಅದೂ ಆಗ ಸ್ಪಷ್ಟವಾಗುತ್ತದೆ. ವೈಕಲ್ಯ ಶೇ 40ಕ್ಕಿಂತ ಕಡಿಮೆಯಿಲ್ಲವೆಂದು ದೃಢವಾದರೆ ಬಹುತೇಕ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಗೆ, ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಎಲ್ಲಿ ಸಿಕ್ಕಿಕೊಂಡರೂ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ಕೇಳಿ.

ತರಬೇತಿಗೆ ಬೆಂಗಳೂರು, ಮೈಸೂರು ಎಂದು ಅಲೆಯುವ ಮುಂಚೆ ನಿಮ್ಮ ಊರಿನಲ್ಲೇ ಇರುವ ಸಿಆರ್‌ಸಿಗೆ ಹೋಗಿ ಬನ್ನಿ. ವಿಕಲಚೇತನರ ಪುನರ್ವಸತಿಗಾಗಿ ಕೇಂದ್ರ ಸರ್ಕಾರ ದಾವಣಗೆರೆಯಲ್ಲಿ ನಡೆಸುತ್ತಿರುವ ಪ್ರಾದೇಶಿಕ ಕೇಂದ್ರ ಅದು. ಇಂಥ ಕೇಂದ್ರಗಳಲ್ಲಿ ಮನಶ್ಶಾಸ್ತ್ರಜ್ಞರು, ವಾಕ್ ಚಿಕಿತ್ಸಕರು, ವಿಶೇಷ ಶಿಕ್ಷಕರು, ನಿತ್ಯದ ಕೆಲಸಗಳನ್ನು ಅಭ್ಯಾಸ ಮಾಡಿಸುವ ಆಕ್ಯುಪೇಷನಲ್ ಥೆರಪಿಯವರು ಒಂದೇ ಸೂರಿನಡಿ ಸಿಗುತ್ತಾರೆ. ‘ಇಪ್ಪತ್ತಮೂರಾಯಿತು, ಇನ್ನೇನು ಕಲಿತಾನು’ ಎಂದು ಮನೆಯಲ್ಲಿ ಯಾರಾದರೂ ಅಂದರೆ ಅಂಗಡಿಯಲ್ಲಿ ಅವನು ಮಡಚಿಟ್ಟ ಸೀರೆಯನ್ನು ತೋರಿಸಿ. ಮಾತು ಕಡಿಮೆ ಇರುವವನಿಗೆ ಬೇಕಾದದ್ದನ್ನು ಚಿತ್ರದ ಕಾರ್ಡಿನಲ್ಲೋ ಮೊಬೈಲಿನಲ್ಲೋ ತೋರಿಸಿ ಕೇಳುವ ಅಭ್ಯಾಸವೊಂದೇ ಬಂದರೂ ಮನೆಯ ಅರ್ಧ ರಂಪ ಇಳಿಯುತ್ತದೆ. ಕುಕ್ಕರಿನ ಸದ್ದಿನ ವಿಷಯವನ್ನೂ ಅಲ್ಲಿ ಹೇಳಿ. ಸದ್ದು ತಗ್ಗಿಸುವ ಹೆಡ್‌ಫೋನ್ ಹಲವರಿಗೆ ನೆರವಾಗಿದೆ.

ಬಹಳ ಮನೆಗಳಲ್ಲಿ ತಿಳಿಯದೇ ಉಳಿದ ಸಂಗತಿಯೊಂದಿದೆ. ಹದಿನೆಂಟು ತುಂಬಿದ ಮೇಲೆ ಅವನು ಕಾನೂನಿನ ದೃಷ್ಟಿಯಲ್ಲಿ ವಯಸ್ಕ. ತಂದೆತಾಯಿ ತಾವಾಗಿಯೇ ಪಾಲಕರಾಗಿ ಮುಂದುವರಿಯುವುದಿಲ್ಲ. ಆಟಿಸಂ, ಬುದ್ಧಿಮಾಂದ್ಯದಂಥ ವೈಕಲ್ಯವಿರುವವರಿಗಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಎಂಬ ಸಂಸ್ಥೆಯಿದೆ. ಅದರ 1999ರ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಕಾನೂನುಬದ್ಧ ಪಾಲಕರನ್ನು ನೇಮಿಸುತ್ತದೆ. ತಂದೆತಾಯಿ, ಸಂಬಂಧಿಕರು ಅರ್ಜಿ ಹಾಕಬಹುದು. ಮದುವೆಯಾದ ಅಕ್ಕ ಪಾಲಕಿಯಾಗಬಾರದೆಂದು ಎಲ್ಲಿಯೂ ಇಲ್ಲ. ಆದರೆ ಪಾಲಕತ್ವವೆಂದರೆ ಹಕ್ಕಿನ ಜೊತೆ ಲೆಕ್ಕವೂ ಇದೆ: ಅವನ ಆಸ್ತಿಯ ಪಟ್ಟಿಯನ್ನು ಆರು ತಿಂಗಳೊಳಗೆ ಒಪ್ಪಿಸಬೇಕು, ಆಮೇಲೆ ವರ್ಷವರ್ಷವೂ ಲೆಕ್ಕ ಕೊಡಬೇಕು. ಯಾವ ತೀರ್ಮಾನಕ್ಕೆ ನಿಜವಾಗಿ ಪಾಲಕರು ಬೇಕು, ಯಾವುದನ್ನು ಸ್ವಲ್ಪ ನೆರವಿನಿಂದ ಅವನೇ ಮಾಡಬಲ್ಲ ಎಂದು ಮೊದಲು ನೋಡಿ. ತನಗೆ ಯಾವ ಅಂಗಿ ಬೇಕೆಂಬುದಕ್ಕೆಲ್ಲ ಪಾಲಕರು ಬೇಕಿಲ್ಲ.

ಅದೇ ರಾಷ್ಟ್ರೀಯ ನ್ಯಾಸದ ನಿರಾಮಯ ಎಂಬ ಆರೋಗ್ಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ನೆರವು ಕೊಡುತ್ತದೆ. ಥೆರಪಿಯ ಖರ್ಚಿಗೂ ಅದರಲ್ಲಿ ಪಾಲಿದೆ. ಸೇರಲು ವೈದ್ಯಕೀಯ ತಪಾಸಣೆ ಕೇಳುವುದಿಲ್ಲ. ಸರ್ಕಾರದ ಮಾಸಾಶನಕ್ಕೆ ಆದಾಯದ ಮಿತಿಯಿರುವುದರಿಂದ ಅಂಗಡಿಯಿರುವ ನಿಮಗೆ ಸಿಗದೆಯೂ ಇರಬಹುದು. ಅದಕ್ಕಾಗಿ ಸುಳ್ಳು ಆದಾಯಪತ್ರ ಮಾಡಿಸಲು ಹೋಗಬೇಡಿ.

ಅಪ್ಪಾಜಿ ಒಂದು ಉಯಿಲು ಬರೆಯಲಿ. ‘ಎಲ್ಲ ಅಕ್ಕನ ಹೆಸರಿಗೆ, ಅವಳು ನೋಡಿಕೊಳ್ಳುತ್ತಾಳೆ’ ಎಂಬ ಬಾಯಿಮಾತಿನ ಏರ್ಪಾಡು ನಿಮಗೂ ಒಳ್ಳೆಯದಲ್ಲ, ಅವನಿಗೂ ಒಳ್ಳೆಯದಲ್ಲ. ನಾಳೆ ನಿಮ್ಮ ಸಂಸಾರದಲ್ಲಿ ಏರುಪೇರಾದರೆ ಅವನ ಅನ್ನಕ್ಕೆ ಕುತ್ತು. ಅವನ ಪಾಲನ್ನು ಟ್ರಸ್ಟಿನ ಮೂಲಕ ಬಿಟ್ಟುಹೋಗುವ ಬಗ್ಗೆ ಒಬ್ಬ ವಕೀಲರನ್ನು ಕೇಳಿ. ಜೊತೆಗೆ, ಅಂಗಡಿಯಲ್ಲಿ ಮಡಚಿದ ಸೀರೆಗಳಿಗೆ ಅವನಿಗೆ ಸಂಬಳ ಕೊಡಲಿ. ಹಾಸ್ಯಕ್ಕೆ ಹೇಳುತ್ತಿಲ್ಲ. ಬೇರೆ ಹುಡುಗನನ್ನು ಇಟ್ಟಿದ್ದರೆ ಕೊಡುತ್ತಿರಲಿಲ್ಲವೇ? ಅವನ ಹೆಸರಿನಲ್ಲೇ ಬ್ಯಾಂಕ್ ಖಾತೆ ತೆರೆದು ತಿಂಗಳು ತಿಂಗಳು ಹಾಕಲಿ.

ಒಂದು ಎಚ್ಚರಿಕೆ. ವಿಷಯ ಹೊರಗೆ ಹರಡಿದ ಕೂಡಲೇ ‘ಸ್ಟೆಮ್ ಸೆಲ್ ಹಾಕಿಸಿದರೆ ಸರಿಹೋಗುತ್ತದೆ’ ಎನ್ನುವವರು ಮನೆಯ ಬಾಗಿಲಿಗೇ ಬರುತ್ತಾರೆ. ಆಟಿಸಂಗೆ ಅದನ್ನು ಚಿಕಿತ್ಸೆಯೆಂದು ಮಾರುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಲಕ್ಷಗಟ್ಟಲೆ ಹಣ ಹೋಗುತ್ತದೆ, ಅಷ್ಟೆ.

ಮದುವೆ ಬೇಡವೆಂಬುದು ನಿಮ್ಮ ಸ್ವಂತ ಇಷ್ಟವಾದರೆ ನನ್ನ ತಕರಾರಿಲ್ಲ. ತಮ್ಮನಿಗಾಗಿ ಬೇಡವೆಂದಾದರೆ ಒಪ್ಪಲಾರೆ. ಹುಡುಗ ಮುಂದುವರಿಯೋಣ ಎಂದರೆ ಅವನ ಬಳಿ ಎರಡು ಮಾತುಗಳನ್ನು ಈಗಲೇ ಆಡಿ: ಕರೆ ಬಂದಾಗ ದಾವಣಗೆರೆಗೆ ಹೋಗಿಬರಲು ಅಪ್ಪಣೆ ಕೇಳುವಂತಿರಬಾರದು, ನಿಮ್ಮ ದುಡಿಮೆಯಲ್ಲಿ ಒಂದು ಪಾಲು ತಮ್ಮನಿಗೆ ಹೋದರೆ ಆಕ್ಷೇಪ ಬರಬಾರದು. ಹೂಂ ಎನ್ನುವ ಮೊದಲು ಅವನು ಒಂದೆರಡು ದಿನ ಯೋಚಿಸಿದರೆ ಬೇಸರ ಮಾಡಿಕೊಳ್ಳಬೇಡಿ. ತಕ್ಷಣ ಹೂಂ ಎನ್ನುವವನಿಗಿಂತ ಅವನೇ ವಾಸಿ. ನಡುವೆ ನಿಮಗಾಗಲಿ ಅಮ್ಮನಿಗಾಗಲಿ ಎದೆ ಭಾರವಾದರೆ 14416ಕ್ಕೆ ಕರೆಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಇಷ್ಟೆಲ್ಲದರ ನಡುವೆ ನಿಮ್ಮ ಅಪ್ಪಾಜಿ ಏನೆನ್ನುತ್ತಾರೆ ಎಂದು ನೀವು ಬರೆದೇ ಇಲ್ಲ. ಮಗನನ್ನು ದಿನವೂ ಮಂಡಿಪೇಟೆಯ ನಡುವೆ, ಗಿರಾಕಿಗಳ ಎದುರಿಗೇ ಕೂರಿಸಿಕೊಳ್ಳುವ ಮನುಷ್ಯ ಅವರು. ಅವರಿಗೆ ಮುಚ್ಚಿಡುವ ಆಸೆ ಇದ್ದಂತೆ ನನಗೆ ಕಾಣುವುದಿಲ್ಲ. ಇವತ್ತು ಅಂಗಡಿ ಮುಚ್ಚುವ ಹೊತ್ತಿಗೆ ಅಲ್ಲಿಗೇ ಹೋಗಿ, ಹುಡುಗನಿಗೆ ಫೋನ್ ಮಾಡುತ್ತೇನೆಂದು ಅವರಿಗೆ ಮೊದಲು ತಿಳಿಸಿ. ಹುಡುಗನ ತಂದೆಗೆ ಹೇಳುವ ಕೆಲಸ ಅವರದಾಗಲಿ. ಅಮ್ಮನನ್ನು ಒಪ್ಪಿಸುವ ಕೆಲಸವನ್ನೂ ಅವರಿಗೇ ಬಿಡಿ.